1986–95ರ ಟೊಯೋಟಾ ಪಿಕಪ್‌ಗೆ ಸಾಲಿಡ್ ಫ್ರಂಟ್ ಆಕ್ಸಲ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಮಾರಾಟವಾದ 1986ರಿಂದ 1995ರವರೆಗಿನ ಫೋರ್-ವೀಲ್-ಡ್ರೈವ್ ಟೊಯೋಟಾ ಪಿಕಪ್‌ಗಳ ಮುಂಭಾಗದಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇರುವ, ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಇದೆ. ಅದನ್ನು ತೆಗೆದು, ಅದೇ ಕಂಪನಿಯ 1979–85ರ ಪಿಕಪ್‌ನ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಅಚ್ಚು) ಮತ್ತು ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು) ಜೋಡಿಸುವ ಕೆಲಸವನ್ನು ಈ ಮಾರ್ಗದರ್ಶಿ ವಿವರಿಸುತ್ತದೆ. ಅರ್ಧಕ್ಕೆ ನಿಂತ ಅಥವಾ ಮುಗಿದ ಮೇಲೂ ರಸ್ತೆಯಲ್ಲಿ ನೇರವಾಗಿ ಓಡದ ಗಾಡಿಗಳನ್ನು ನೋಡಿದರೆ ಕಾರಣ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಸ್ಪ್ರಿಂಗನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್‌ಗಳನ್ನು ಮೊದಲೇ ಪೂರ್ತಿಯಾಗಿ ಬೆಸೆದು, ಸ್ಟಿಯರಿಂಗ್, ಆಕ್ಸಲಿಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮತ್ತು ಆಯಿಲ್ ಪ್ಯಾನ್‌ಗಳ ಬಗ್ಗೆ ಆಮೇಲೆ ಯೋಚಿಸಿರುತ್ತಾರೆ.

ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮವೇ ಮುಖ್ಯ. ಎಲ್ಲವನ್ನೂ ಚುಕ್ಕೆ ಬೆಸುಗೆಯಲ್ಲಿ (ಮತ್ತೆ ಕೀಳಬಹುದಾದ ಸಣ್ಣ ತಾತ್ಕಾಲಿಕ ಬೆಸುಗೆ) ನಿಲ್ಲಿಸಿ, ಸಸ್ಪೆನ್ಷನ್ನಿನ ಪೂರ್ಣ ಚಲನೆಯನ್ನು ಪರೀಕ್ಷಿಸಿ, ತಪ್ಪಿದ್ದನ್ನು ಕಿತ್ತು ಸರಿಪಡಿಸಿ, ಕೊನೆಗಷ್ಟೇ ಪೂರ್ತಿ ಬೆಸೆಯಬೇಕು. ಏಳನೆಯ ಹಂತ ಮುಗಿಯುವವರೆಗೆ ಫ್ರೇಮಿನ ಮೇಲೆ ಶಾಶ್ವತವಾದ ಒಂದು ಬೆಸುಗೆಯೂ ಬೀಳಬಾರದು.

ಕೆಲಸಕ್ಕೆ ಕೈಹಾಕುವ ಮುನ್ನ

ಈ ಬದಲಾವಣೆ ಗಾಡಿಯ ಸ್ಟಿಯರಿಂಗ್, ಬ್ರೇಕ್ ಮತ್ತು ಫ್ರೇಮ್ ಮೂರನ್ನೂ ಮುಟ್ಟುತ್ತದೆ. ಫ್ರೇಮಿನ ಬೆಸುಗೆ ಅಭ್ಯಾಸವಿಲ್ಲದವರು ಅಳತೆ ಮತ್ತು ಜೋಡಣೆಯನ್ನು ತಾವೇ ಮಾಡಿಕೊಂಡು, ಅಂತಿಮ ಬೆಸುಗೆಯನ್ನು ಪರಿಣತ ವೆಲ್ಡರ್‌ಗೆ ಒಪ್ಪಿಸುವುದು ಉತ್ತಮ. ಅಮೆರಿಕದಲ್ಲಿ ಗಾಡಿಯ ಎತ್ತರ, ಬಂಪರ್ ಎತ್ತರ ಮತ್ತು ವೀಲ್ ಸ್ಪೇಸರ್ (ಚಕ್ರವನ್ನು ಹೊರಕ್ಕೆ ಸರಿಸಲು ಹಬ್‌ಗೂ ಚಕ್ರಕ್ಕೂ ನಡುವೆ ಹಾಕುವ ದಪ್ಪ ಬಿಲ್ಲೆ) ಕುರಿತ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ ನಿಮ್ಮ ರಾಜ್ಯದ ನಿಯಮವನ್ನು ಓದಿಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ. ಕರ್ನಾಟಕದಲ್ಲಿದ್ದುಕೊಂಡು ಇಂಥದ್ದೇ ಕೆಲಸ ಯೋಚಿಸುತ್ತಿರುವವರು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ ಮತ್ತು 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ ಎಂಬುದನ್ನು ಗಮನದಲ್ಲಿಡಬೇಕು.

ಬೇಕಾದ ಉಪಕರಣಗಳು

ಫ್ರೇಮಿಗೂ ಅದಕ್ಕಿಂತ ದಪ್ಪನೆಯ ಹ್ಯಾಂಗರ್ ಪ್ಲೇಟಿಗೂ ಸಮನಾಗಿ ಬೇರೂರುವಂತೆ ಬೆಸೆಯಬಲ್ಲ, 220 ವೋಲ್ಟ್‌ನ ಮಿಗ್ ವೆಲ್ಡರ್ ಬೇಕು. ಕಟಿಂಗ್ ಮತ್ತು ಫ್ಲ್ಯಾಪ್ ಡಿಸ್ಕ್‌ಗಳ ಸಮೇತ ಆಂಗಲ್ ಗ್ರೈಂಡರ್, ಫ್ರೇಮಿಗೆ ತೂತು ಕೊರೆಯಲು ಹೋಲ್ ಸಾ, ಎರಡು ಫ್ಲೋರ್ ಜ್ಯಾಕ್, ಎತ್ತರದ ನಾಲ್ಕು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್ ಇವೂ ಬೇಕು. ಹಬ್ ಬಿಚ್ಚಲು 54 ಮಿಲಿಮೀಟರ್ ಸಾಕೆಟ್, ಸ್ನ್ಯಾಪ್ ರಿಂಗ್ ಪ್ಲಾಯರ್ ಮತ್ತು ಹಿತ್ತಾಳೆಯ ಡ್ರಿಫ್ಟ್ ಇಲ್ಲದೆ ಕೆಲಸ ಮುಂದುವರಿಯುವುದಿಲ್ಲ. ಅಳತೆಗೆ ಡಿಜಿಟಲ್ ಕೋನಮಾಪಕ, ರಸಮಟ್ಟ, ತೂಗುಗುಂಡು, ಉದ್ದನೆಯ ಟೇಪ್ ಮತ್ತು ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ದೂರದಲ್ಲಿರಲಿ.

ಹಂತ 1: ಆಕ್ಸಲ್ ಆಯ್ಕೆ ಮತ್ತು ದುರಸ್ತಿ

1979–85ರ ಫೋರ್-ವೀಲ್-ಡ್ರೈವ್ ಪಿಕಪ್ ಅಥವಾ 1984–85ರ ಫೋರ್‌ರನ್ನರ್‌ನ ಮುಂದಿನ ಆಕ್ಸಲ್ ಈ ಗಾಡಿಗೆ ಒಪ್ಪುತ್ತದೆ. ಅದರ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಗಡ್ಡೆ) ನಿಮ್ಮ ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ) ಮುಂದಿನ ಔಟ್‌ಪುಟ್‌ನಂತೆಯೇ ಬಲಬದಿಗೆ ಇರುವುದರಿಂದ ಟ್ರಾನ್ಸ್‌ಫರ್ ಕೇಸ್ ಬದಲಿಸಬೇಕಾಗಿಲ್ಲ. ಚಕ್ರದ ಬೋಲ್ಟ್ ವಿನ್ಯಾಸವೂ ಅದೇ, 139.7 ಮಿಲಿಮೀಟರ್ ವೃತ್ತದಲ್ಲಿ 6 ಬೋಲ್ಟ್.

ಅಗಲ ಮಾತ್ರ ಹೊಂದುವುದಿಲ್ಲ. 1986ರಿಂದ ಬಂದ ಗಾಡಿಗಳ ಹಿಂಬದಿಯ ಆಕ್ಸಲ್, ಹಳೆಯ ಗಾಡಿಯ ಮುಂಬದಿಯ ಆಕ್ಸಲಿಗಿಂತ ಸುಮಾರು 3 ಇಂಚು ಅಗಲವಾಗಿದೆ. ಈ ವ್ಯತ್ಯಾಸವನ್ನು ತುಂಬಲು ಸ್ವತಂತ್ರ ಸಸ್ಪೆನ್ಷನ್ ಕಾಲದ ಹಬ್‌ಗಳನ್ನು ಹಾಕುವವರಿದ್ದಾರೆ, ಪ್ರತಿ ಬದಿಗೆ 1.5 ಇಂಚಿನ, ಹಬ್‌ಗೆ ಸರಿಯಾಗಿ ಕೂರುವ ಸ್ಪೇಸರ್ ಹಾಕುವವರೂ ಇದ್ದಾರೆ. ಯಾವುದನ್ನು ಆರಿಸುತ್ತೀರಿ ಎಂಬುದು ಈಗಲೇ ನಿರ್ಧಾರವಾಗಬೇಕು, ಏಕೆಂದರೆ ಟೈರ್ ಎಲ್ಲಿ ತಾಗುತ್ತದೆ ಎಂಬ ಮುಂದಿನ ಎಲ್ಲ ಪರೀಕ್ಷೆಗಳೂ ಅದರ ಮೇಲೆಯೇ ನಿಂತಿವೆ.

ಮುಂದಿನ ಮತ್ತು ಹಿಂದಿನ ಗೇರ್ ಅನುಪಾತ ಒಂದೇ ಆಗಿರಬೇಕು. ಮಾರುವವರ ಮಾತನ್ನು ನಂಬದೆ, ಡಿಫರೆನ್ಷಿಯಲ್ ಹೊರತೆಗೆದು ಹಲ್ಲುಗಳನ್ನು ಎಣಿಸಿ: ರಿಂಗ್ ಗೇರಿನಲ್ಲಿ 41 ಮತ್ತು ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿನಲ್ಲಿ 9 ಹಲ್ಲುಗಳಿದ್ದರೆ ಅನುಪಾತ 4.56. ಅನುಪಾತ ತಪ್ಪಿದ ಗಾಡಿಯನ್ನು ಗಟ್ಟಿ ನೆಲದಲ್ಲಿ ಫೋರ್-ವೀಲ್‌ಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಒಳಗಿನ ಭಾಗಗಳು ಮುರಿಯುತ್ತವೆ.

ಆಕ್ಸಲ್ ಗಾಡಿಯಡಿ ಸೇರುವ ಮುನ್ನವೇ ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿಸಿ. ಒಳಗಿನ ಆಕ್ಸಲ್ ಸೀಲ್, ನಕಲ್‌ನ (ಆಕ್ಸಲಿನ ತುದಿಯಲ್ಲಿ ಚಕ್ರದೊಂದಿಗೆ ತಿರುಗುವ ಭಾಗ) ವೈಪರ್ ಸೀಲ್, ನಕಲ್ ತಿರುಗುವ ಟ್ರನಿಯನ್ ಬೇರಿಂಗ್ ಮತ್ತು ಚಕ್ರದ ಬೇರಿಂಗ್‌ಗಳನ್ನು ಬದಲಿಸಿ. ನಕಲ್ ತೆರೆದಾಗ ಗ್ರೀಸ್ ನೀರಾಗಿ ಗೇರ್ ಆಯಿಲ್ ವಾಸನೆ ಬಂದರೆ ಒಳಗಿನ ಸೀಲ್ ಹೋಗಿದೆ ಎಂದೇ ಅರ್ಥ. ಚಕ್ರ ತಿರುಗಿದಾಗಲೂ ಅದಕ್ಕೆ ಬಲ ಒಯ್ಯುವ ಬರ್ಫೀಲ್ಡ್ ಜಾಯಿಂಟಿನ ಗುಂಡುಗಳು ಓಡುವ ಹಾದಿಯಲ್ಲಿ ಗುಳಿ ಬಿದ್ದಿದ್ದರೆ ಜಾಯಿಂಟನ್ನೇ ಬದಲಿಸಬೇಕು.

ಟ್ರನಿಯನ್ ಬೇರಿಂಗಿನ ಕೆಳಗೂ ಮೇಲೂ ಇರುವ ಶಿಮ್‌ಗಳನ್ನು (ಅಂತರ ಹೊಂದಿಸುವ ತೆಳು ತಗಡುಗಳು) ಎಲ್ಲಿಂದ ಬಂದವು ಎಂದು ಬರೆದು ಬೇರೆ ಬೇರೆ ಚೀಲಗಳಲ್ಲಿಡಿ. ಅವು ಅದಲುಬದಲಾದರೆ ನಕಲ್‌ನ ಕೇಂದ್ರ ಆಕ್ಸಲ್ ಕೇಂದ್ರದಿಂದ ಸರಿದು ಹೊಸ ಸೀಲ್ ಕೂಡ ಬೇಗ ಹಾಳಾಗುತ್ತದೆ. ಆಕ್ಸಲ್ ಶಾಫ್ಟ್ ಮತ್ತು ವೈಪರ್ ಸೀಲ್ ಹಾಕುವ ಮೊದಲು, ನಕಲ್ ಆರ್ಮಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ನಕಲ್ ತಿರುಗಲು ಸುಮಾರು 3ರಿಂದ 6 ಕಿಲೋ ಬಲ ಬೇಕಾಗುವಂತೆ ಬಿಗಿ ಹೊಂದಿಸಿ. ಈ ಬಿಗಿ ಸಡಿಲವಾದ ಗಾಡಿಯೇ ಮುಂದೆ ಹೆದ್ದಾರಿಯಲ್ಲಿ ನಡುಗುವುದು.

ಹಂತ 2: ಮೂಲ ಅಳತೆಗಳ ದಾಖಲೆ

ಗಾಡಿ ತನ್ನ ಚಕ್ರಗಳ ಮೇಲೆ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಂತಿರುವಾಗಲೇ ಅಳತೆ ತೆಗೆದುಕೊಳ್ಳಿ. ಎರಡೂ ಬದಿಯಲ್ಲಿ ಚಕ್ರಗಳ ಕೇಂದ್ರದಿಂದ ಕೇಂದ್ರಕ್ಕಿರುವ ದೂರ, ಮುಂದಿನ ಚಕ್ರದ ಕೇಂದ್ರದಿಂದ ಫೆಂಡರ್ ಅಂಚಿಗೆ ಮತ್ತು ಫ್ರೇಮಿನ ಒಂದು ನಿರ್ದಿಷ್ಟ ತೂತಿಗೆ ಇರುವ ದೂರ, ಹಾಗೂ ಫ್ರೇಮಿನ ಓರೆಯ ಕೋನ ಇಷ್ಟೂ ದಾಖಲಾಗಲಿ. ತೂಗುಗುಂಡು ಇಳಿಬಿಟ್ಟು ಚಕ್ರದ ಕೇಂದ್ರವನ್ನು ನೆಲದ ಮೇಲೆ ಗುರುತು ಹಾಕಿ, ಆ ಗುರುತುಗಳು ಕೊನೆಯವರೆಗೆ ಅಳಿಸದಂತೆ ನೋಡಿಕೊಳ್ಳಿ.

ಹಂತ 3: ಹಳೆಯ ಸಸ್ಪೆನ್ಷನ್ ಬಿಚ್ಚುವುದು

ಗಾಡಿಯನ್ನು ಮುಂದಿನ ಬಾಗಿಲುಗಳ ನೇರದಲ್ಲಿ ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಮುಂಭಾಗವನ್ನು ಪೂರ್ತಿ ಖಾಲಿ ಬಿಡಬೇಕಾದ್ದರಿಂದ ಸ್ಟ್ಯಾಂಡುಗಳು ಕೆಲಸದ ಜಾಗದ ಹಿಂದಿರಬೇಕು. ಹಿಂದಿನ ಚಕ್ರಗಳಿಗೆ ಅಡ್ಡೆ ಕೊಡಿ.

ಈ ಹಂತದ ದೊಡ್ಡ ಅಪಾಯ ಟಾರ್ಷನ್ ಬಾರ್. ಅದರಲ್ಲಿ ಗಾಡಿಯ ಭಾರ ಹೊರುವಷ್ಟು ಬಲ ತಿರುಚಿಕೊಂಡು ಕೂತಿರುತ್ತದೆ. ಹಿಂದಿನ ತುದಿಯಲ್ಲಿರುವ ಹೊಂದಾಣಿಕೆ ಬೋಲ್ಟನ್ನು ನಿಧಾನವಾಗಿ, ಆಂಕರ್ ಆರ್ಮ್ ಕೈಯಲ್ಲಿ ಅಲುಗಾಡುವವರೆಗೂ ಸಡಿಲಿಸಿದ ನಂತರವೇ ಬೇರೆ ಯಾವುದನ್ನಾದರೂ ಬಿಚ್ಚಬೇಕು. ಬಾಲ್ ಜಾಯಿಂಟನ್ನೋ ಕಂಟ್ರೋಲ್ ಆರ್ಮನ್ನೋ ಮೊದಲು ಬಿಚ್ಚಿದರೆ ಆರ್ಮ್ ಸಿಡಿದು ಕೈ ಮುರಿಯಬಹುದು.

ಆಮೇಲೆ ಕ್ರಮವಾಗಿ ಬ್ರೇಕ್ ಕ್ಯಾಲಿಪರ್, ಹಬ್, ಸಿವಿ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಸ್ಟಿಯರಿಂಗ್ ಲಿಂಕ್‌ಗಳು ಮತ್ತು ಆರ್ಮ್‌ಗಳು. ಕ್ಯಾಲಿಪರ್ ಹೋಸಿಗೆ ನೇತುಬೀಳದಂತೆ ತಂತಿಯಲ್ಲಿ ಕಟ್ಟಿ ನಿಲ್ಲಿಸಿ. ಸ್ಟಿಯರಿಂಗ್ ಬಾಕ್ಸ್ ಎಸೆಯಬೇಡಿ, ಹೊಸ ವ್ಯವಸ್ಥೆಗೆ ಅದೇ ಬೇಕು.

ಹಂತ 4: ಬ್ರಾಕೆಟ್‌ಗಳನ್ನು ಕತ್ತರಿಸಿ ಫ್ರೇಮ್ ಶುಚಿಗೊಳಿಸುವುದು

ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ. ಕತ್ತರಿಸುವ ಜಾಗದ ಹತ್ತಿರ ಇಂಧನ ಮತ್ತು ಬ್ರೇಕ್ ಕೊಳವೆಗಳು, ವೈರಿಂಗ್ ಹಾದುಹೋಗಿದ್ದರೆ ಅವನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ. ಆರ್ಮ್ ಮೌಂಟ್, ಬಂಪ್ ಸ್ಟಾಪ್ (ಸಸ್ಪೆನ್ಷನ್ ಅತಿಯಾಗಿ ಮೇಲೇರದಂತೆ ತಡೆಯುವ ತುಂಡು) ಮತ್ತು ಹಳೆಯ ಶಾಕ್ ಬ್ರಾಕೆಟ್‌ಗಳನ್ನು ಫ್ರೇಮಿನಿಂದ ಕೆಲವು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದ ಅಂಚನ್ನು ಫ್ಲ್ಯಾಪ್ ಡಿಸ್ಕಿನಿಂದ ಸವರಿ ಸಮ ಮಾಡಿ. ಡಿಸ್ಕ್ ಫ್ರೇಮಿನೊಳಗೆ ಇಳಿದು ಗೀರು ಬಿದ್ದರೆ, ಬಿರುಕು ಮುಂದೆ ಅಲ್ಲಿಂದಲೇ ಶುರುವಾಗುತ್ತದೆ.

ಆರ್ಮ್‌ಗಳನ್ನು ಹೊತ್ತಿದ್ದ ಅಡ್ಡತೊಲೆ ಫ್ರೇಮಿನ ಎರಡು ಬದಿಗಳನ್ನು ಹಿಡಿದಿಟ್ಟಿರುತ್ತದೆ. ಡಿಫರೆನ್ಷಿಯಲ್‌ಗೆ ಜಾಗ ಬಿಡಿಸಲು ಅದನ್ನು ಕಡಿಯಬೇಕಾದರೆ, ಮೊದಲು ಬೇರೊಂದು ತಾತ್ಕಾಲಿಕ ಅಡ್ಡಪಟ್ಟಿಯನ್ನು ಚುಕ್ಕೆ ಬೆಸುಗೆಯಿಂದ ನಿಲ್ಲಿಸಿ, ಫ್ರೇಮಿನ ಅಗಲ ಬದಲಾಗಿಲ್ಲವೆಂದು ಅಳೆದು ನೋಡಿ. ಗೇರ್‌ಬಾಕ್ಸ್ ಹೊರುವ ಅಡ್ಡತೊಲೆಯನ್ನು ಮುಟ್ಟಕೂಡದು.

ಗ್ರೀಸ್ ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಅದರ ಪಸೆ ಉಳಿದ ಲೋಹಕ್ಕೆ ಬೆಸುಗೆಯ ಶಾಖ ತಗುಲಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಸತುವಿನ ಲೇಪನವಿದ್ದರೆ ಅದನ್ನೂ ಉಜ್ಜಿ ತೆಗೆಯಿರಿ.

ಹಂತ 5: ಆಕ್ಸಲಿನ ಜಾಗ ನಿರ್ಧಾರ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದದ್ದು ಇಲ್ಲಿ. ಸ್ಪ್ರಿಂಗಿನ ಮುಂದಿನ ಕಣ್ಣು ಫ್ರೇಮಿನ ತುದಿಗೆ ಹಾಕುವ ಹ್ಯಾಂಗರಿನಲ್ಲಿ ಸ್ಥಿರವಾಗಿರುತ್ತದೆ, ಹಿಂದಿನ ಕಣ್ಣು ಶ್ಯಾಕಲಿನಲ್ಲಿ (ಸ್ಪ್ರಿಂಗಿಗೂ ಫ್ರೇಮಿಗೂ ನಡುವಿನ ತೂಗುವ ಕೊಂಡಿ) ತೂಗಾಡುತ್ತದೆ. ಚಕ್ರ ಮೇಲೇರಿದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಮುಂದಿನ ತುದಿ ಕದಲದ ಕಾರಣ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದಲೇ ಆಕ್ಸಲನ್ನು ಮೂಲ ಸ್ಥಾನಕ್ಕಿಂತ ಸುಮಾರು 1 ಇಂಚು ಮುಂದಿಡುವುದು ವಾಡಿಕೆ. ಹಾಗೆ ಮಾಡದಿದ್ದರೆ ದೊಡ್ಡ ಟೈರು ಫೆಂಡರಿನ ಹಿಂಬದಿಗೂ ಕ್ಯಾಬಿನ್ನಿನ ಮೂಲೆಗೂ ಉಜ್ಜುತ್ತದೆ.

ಮೊದಲು ಮುಂದಿನ ಹ್ಯಾಂಗರನ್ನು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ. ಸ್ಪ್ರಿಂಗ್ ಮತ್ತು ಆಕ್ಸಲ್ ಜೋಡಿಸಿ, ಆಕ್ಸಲನ್ನು ಗಾಡಿ ನಿಲ್ಲಬೇಕಾದ ಎತ್ತರಕ್ಕೆ ಜ್ಯಾಕಿನಲ್ಲಿ ಎತ್ತಿ, ಶ್ಯಾಕಲಿನ ಮೇಲಿನ ತುದಿ ಎಲ್ಲಿ ಬರುತ್ತದೆಂದು ಫ್ರೇಮಿನ ಮೇಲೆ ಗುರುತು ಮಾಡಿ. ಗಾಡಿಯ ಪೂರ್ತಿ ಭಾರ ಕೂತಾಗ ಶ್ಯಾಕಲಿನ ಕೆಳತುದಿ ಲಂಬರೇಖೆಯಿಂದ ಸ್ವಲ್ಪ ಹಿಂದಕ್ಕೆ ಓರೆಯಾಗಿರಬೇಕು. ಅದು ಮುಂದಕ್ಕೆ ವಾಲಿದ್ದರೆ ಸ್ಪ್ರಿಂಗ್ ಉದ್ದವಾಗಲು ಜಾಗ ಸಿಗದೆ ಸವಾರಿ ಕಲ್ಲಿನಂತಾಗುತ್ತದೆ, ಅತಿಯಾಗಿ ಹಿಂದೆ ವಾಲಿದ್ದರೆ ಮೇಲಿನ ಚಲನೆಯಲ್ಲಿ ಶ್ಯಾಕಲ್ ಫ್ರೇಮಿಗೇ ಬಡಿಯುತ್ತದೆ. ಹಿಂದಿನ ಹ್ಯಾಂಗರಿನ ಕೊಳವೆ ಫ್ರೇಮಿನ ಎರಡೂ ಗೋಡೆಗಳನ್ನು ದಾಟುವುದರಿಂದ ತೂತು ನೇರವಾಗಿರಲಿ: ಎರಡೂ ಗೋಡೆಗೂ ಮೊದಲು ಚಿಕ್ಕ ತೂತು ಕೊರೆದು, ಆಮೇಲೆ ಹೋಲ್ ಸಾ ಹಾಕಿ.

ನಂತರ ಚಚ್ಚೌಕ ಪರೀಕ್ಷೆ. ಎಡ ಸ್ಪ್ರಿಂಗಿನ ನಡು ಪಿನ್ನಿನಿಂದ ಫ್ರೇಮಿನ ಬಲ ಹಿಂಭಾಗದ ಒಂದು ತೂತಿಗೆ, ಬಲ ಪಿನ್ನಿನಿಂದ ಅದೇ ಜಾಗದ ಎಡ ತೂತಿಗೆ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿಲಿಮೀಟರ್ ಮೀರಬಾರದು. ಎರಡನೆಯ ಹಂತದಲ್ಲಿ ನೆಲದ ಮೇಲೆ ಹಾಕಿದ ಗುರುತುಗಳು ಇಲ್ಲಿ ಮರುಪರೀಕ್ಷೆಗೆ ಬರುತ್ತವೆ.

ಇನ್ನು ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ನಕಲ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಟೊಯೋಟಾ ಆಕ್ಸಲಿನಲ್ಲಿ ನಕಲ್‌ನ ಗೋಳ ಆಕ್ಸಲ್ ಕೊಳವೆಗೇ ಬೆಸೆದಿರುವುದರಿಂದ ಕ್ಯಾಸ್ಟರ್ ಕೋನ ಮತ್ತು ಪಿನಿಯನ್ ಕೋನ ಒಂದಕ್ಕೊಂದು ಕಟ್ಟಿಕೊಂಡಿವೆ. ಶಾಫ್ಟಿನ ಕಡಿದಾದ ಇಳಿಜಾರು ನೋಡಿ ಹೆದರಿ ಪಿನಿಯನ್ ಮೂತಿಯನ್ನು ಮೇಲೆತ್ತಿದಷ್ಟೂ ಕ್ಯಾಸ್ಟರ್ ಕಳೆದುಹೋಗುತ್ತದೆ. ಆ ಗಾಡಿ ರಸ್ತೆಯಲ್ಲಿ ಎಡಬಲಕ್ಕೆ ಅಲೆದಾಡುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವುದಿಲ್ಲ. ನನ್ನ ಖಚಿತ ಅಭಿಪ್ರಾಯದಲ್ಲಿ ಎರಡರಲ್ಲೊಂದನ್ನು ಬಿಟ್ಟುಕೊಡಬೇಕಾದರೆ ಕ್ಯಾಸ್ಟರನ್ನೇ ಉಳಿಸಿಕೊಳ್ಳಬೇಕು. ಕೈಯಿಂದ ಲಾಕ್ ಮಾಡುವ ಹಬ್‌ಗಳಿದ್ದರೆ ಹೆದ್ದಾರಿಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಆದರೆ ಕ್ಯಾಸ್ಟರ್ ಪ್ರತಿ ಕ್ಷಣವೂ ಬೇಕು. 3ರಿಂದ 6 ಡಿಗ್ರಿಯೊಳಗೆ, ಗಾಡಿ ನಿಲ್ಲುವ ಎತ್ತರದಲ್ಲಿ ಅಳೆದ ಕ್ಯಾಸ್ಟರ್ ಇರಲಿ. ಸಣ್ಣ ಕೊರತೆಯನ್ನು ಸ್ಪ್ರಿಂಗ್ ಮತ್ತು ಆಕ್ಸಲಿನ ನಡುವೆ ಉಕ್ಕಿನ ಬೆಣೆ ಕೊಟ್ಟು ತುಂಬಬಹುದು. ಎತ್ತರ ತೀರಾ ಹೆಚ್ಚಾಗಿ ಎರಡೂ ಕೋನ ಹೊಂದದಿದ್ದರೆ, ಗೋಳವನ್ನು ಕೊಳವೆಯಿಂದ ಕತ್ತರಿಸಿ ತಿರುಗಿಸಿ ಮರಳಿ ಬೆಸೆಯುವುದೊಂದೇ ದಾರಿ. ಅದು ಮನೆಯ ಗ್ಯಾರೇಜಿನಲ್ಲಿ ಮಾಡುವ ಕೆಲಸವಲ್ಲ.

ಹಂತ 6: ಸ್ಟಿಯರಿಂಗ್

1979–85ರ ಗಾಡಿಗಳಲ್ಲಿ ಡ್ರ್ಯಾಗ್ ಲಿಂಕ್ (ಸ್ಟಿಯರಿಂಗ್ ಬಾಕ್ಸಿನಿಂದ ನಕಲ್‌ಗೆ ಹೋಗುವ ಸರಳು) ಹಿಂದುಮುಂದಾಗಿ ಚಲಿಸುತ್ತದೆ. ಆದ್ದರಿಂದ ಆಕ್ಸಲ್ ಹಿಂದೆ ಸರಿದಾಗಲೆಲ್ಲ ಸ್ಟಿಯರಿಂಗ್ ತಾನಾಗಿ ತಿರುಗುತ್ತದೆ. ನಿಮ್ಮ ಗಾಡಿಯ ಸ್ಟಿಯರಿಂಗ್ ಬಾಕ್ಸಿನಿಂದ ಹೊರಚಾಚಿ ಡ್ರ್ಯಾಗ್ ಲಿಂಕನ್ನು ಚಲಿಸುವ ಪಿಟ್‌ಮನ್ ಆರ್ಮ್ ಎಡಬಲಕ್ಕೆ ಬೀಸುವುದರಿಂದ ಆ ಹಳೆಯ ವಿನ್ಯಾಸ ಬೇಕಾಗಿಲ್ಲ. ಬಾಕ್ಸನ್ನು ಫ್ರೇಮಿನ ಮೇಲೆ ಮುಂದಕ್ಕೆ ಸರಿಸಿ, ಡ್ರ್ಯಾಗ್ ಲಿಂಕನ್ನು ಅಡ್ಡಲಾಗಿ ಬಲಬದಿಯ ನಕಲ್‌ಗೆ ಜೋಡಿಸಿ. ನಕಲ್‌ನ ಮೇಲ್ಮುಚ್ಚಳದ ಜಾಗದಲ್ಲಿ ಎತ್ತರದ ಸ್ಟಿಯರಿಂಗ್ ಆರ್ಮ್ ಹಾಕಿದರೆ ಟೈ ರಾಡ್ (ಎರಡು ನಕಲ್‌ಗಳನ್ನು ಜೋಡಿಸುವ ಸರಳು) ಮತ್ತು ಡ್ರ್ಯಾಗ್ ಲಿಂಕ್ ಎರಡೂ ಸ್ಪ್ರಿಂಗಿನ ಮೇಲೆ, ಬಂಡೆಗಳಿಗೆ ತಾಗದ ಎತ್ತರದಲ್ಲಿ ಬರುತ್ತವೆ.

ಗಾಡಿ ನಿಂತ ಎತ್ತರದಲ್ಲಿ ಡ್ರ್ಯಾಗ್ ಲಿಂಕ್ ಆದಷ್ಟೂ ಸಮತಲವಾಗಿರಲಿ, ಆದಷ್ಟೂ ಉದ್ದವಾಗಿರಲಿ. ಅದು ಓರೆಯಾದಷ್ಟೂ ಪ್ರತಿ ಗುಂಡಿಯಲ್ಲಿ ಸ್ಟಿಯರಿಂಗ್ ಚಕ್ರ ಕೈಯಲ್ಲಿ ಎಳೆದಾಡುತ್ತದೆ. ಪಿಟ್‌ಮನ್ ಆರ್ಮ್ ಚಪ್ಪಟೆಯದಾಗಿರಲಿ. ಬಾಕ್ಸ್ ಕೂರುವ ಜಾಗದಲ್ಲಿ ಫ್ರೇಮಿಗೆ ಹೊರಗಿನಿಂದ ಪ್ಲೇಟ್ ಕೊಟ್ಟು, ಬೋಲ್ಟ್‌ಗಳು ದಾಟುವಲ್ಲಿ ಒಳಗೆ ಕೊಳವೆ ಬೆಸೆಯುವುದು ಕಡ್ಡಾಯ. ಇಲ್ಲವಾದರೆ ಬೋಲ್ಟ್ ಬಿಗಿಸಿದಾಗ ಫ್ರೇಮ್ ಜಜ್ಜಿಕೊಂಡು, ಕೆಲವೇ ಕಾಲದಲ್ಲಿ ಬಿರಿಯುತ್ತದೆ.

ಈ ಹಂತದಲ್ಲಿ ಬಾಕ್ಸಿನ ಪ್ಲೇಟುಗಳೂ ಚುಕ್ಕೆ ಬೆಸುಗೆಯಲ್ಲೇ ಇರಬೇಕು.

ಹಂತ 7: ಪೂರ್ಣ ಚಲನೆಯ ಪರೀಕ್ಷೆ

ಸ್ಪ್ರಿಂಗ್ ಕಟ್ಟಿನಿಂದ ಉಳಿದ ಪಟ್ಟಿಗಳನ್ನೆಲ್ಲ ತೆಗೆದು ಮುಖ್ಯ ಪಟ್ಟಿಯೊಂದನ್ನೇ ಬಿಟ್ಟು ಮತ್ತೆ ಜೋಡಿಸಿ. ಆಗ ಆಕ್ಸಲನ್ನು ಫ್ಲೋರ್ ಜ್ಯಾಕಿನಿಂದಲೇ ಮೇಲಕ್ಕೂ ಕೆಳಕ್ಕೂ ಸುಲಭವಾಗಿ ಚಲಿಸಬಹುದು. ಚಕ್ರಗಳನ್ನು, ಅಂದರೆ ನೀವು ನಿಜವಾಗಿ ಬಳಸಲಿರುವ ಅಳತೆಯ ಟೈರುಗಳನ್ನೇ ಹಾಕಿ.

ಮೊದಲು ಎರಡೂ ಬದಿಯನ್ನು ಒಟ್ಟಿಗೆ ಮೇಲೆತ್ತಿ, ಆಮೇಲೆ ಒಂದು ಬದಿ ಮೇಲೆ ಒಂದು ಬದಿ ಕೆಳಗೆ. ಪ್ರತಿ ಸ್ಥಿತಿಯಲ್ಲೂ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಡಿಫರೆನ್ಷಿಯಲ್ ಆಯಿಲ್ ಪ್ಯಾನಿಗಾಗಲಿ ಅಡ್ಡತೊಲೆಗಾಗಲಿ ತಾಗುತ್ತದೆಯೇ, ಡ್ರ್ಯಾಗ್ ಲಿಂಕ್ ಫ್ರೇಮಿಗೆ, ಟೈ ರಾಡ್ ಸ್ಪ್ರಿಂಗಿಗೆ, ಟೈರ್ ಸ್ಪ್ರಿಂಗಿಗೆ ಮುಟ್ಟುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಒಂದು ಬದಿ ಮಾತ್ರ ಮೇಲೇರಿದ ಸ್ಥಿತಿಯನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಕಾಡಿನ ಹಾದಿಯಲ್ಲಿ ಗಾಡಿ ಇರುವುದು ಹೆಚ್ಚಾಗಿ ಅದೇ ಸ್ಥಿತಿಯಲ್ಲಿ.

ಮೊದಲ ತಾಗುವಿಕೆಗಿಂತ ಮುಂಚೆಯೇ ಆಕ್ಸಲನ್ನು ತಡೆಯುವಂತೆ ಬಂಪ್ ಸ್ಟಾಪ್ ಎತ್ತರ ನಿಗದಿಯಾಗಬೇಕು. ಶಾಕ್ ಅಬ್ಸಾರ್ಬರ್ ಆಯ್ಕೆ ಇದಾದ ನಂತರದ್ದು: ಬಂಪ್ ಸ್ಟಾಪ್ ತಾಗಿದಾಗಲೂ ಶಾಕಿನಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಚಲನೆ ಉಳಿದಿರಬೇಕು, ಪೂರ್ತಿ ಇಳಿದಾಗ ಅದು ತುದಿ ಮುಟ್ಟಿರಬಾರದು. ಮೇಲಿನ ಮೌಂಟಿಗೆ ಫೋರ್ಡ್ ಪಿಕಪ್‌ನ ಶಾಕ್ ಟವರುಗಳನ್ನು ಬಳಸುವುದು ರೂಢಿಯಲ್ಲಿದೆ. ನಕಲ್‌ನ ಸ್ಟಿಯರಿಂಗ್ ಸ್ಟಾಪ್ ಬೋಲ್ಟನ್ನೂ ಈಗಲೇ ಹೊಂದಿಸಿ, ಏಕೆಂದರೆ ಚಕ್ರ ಅತಿಯಾಗಿ ತಿರುಗಿರುವಾಗ ಎಂಜಿನ್ ಬಲ ಬಿದ್ದರೆ ಮೊದಲು ಒಡೆಯುವುದು ಬರ್ಫೀಲ್ಡ್ ಜಾಯಿಂಟ್.

ಹಂತ 8: ಅಂತಿಮ ಬೆಸುಗೆ

ಎಲ್ಲ ಅಳತೆಗಳನ್ನು ಇನ್ನೊಮ್ಮೆ ನೋಡಿ, ಬಣ್ಣ ಮತ್ತು ತುಕ್ಕು ಹೋಗಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ವೆಲ್ಡರಿನ ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಅದನ್ನು ದೂರದಲ್ಲಿಟ್ಟರೆ ವಿದ್ಯುತ್ ಹೊಸ ಬೇರಿಂಗುಗಳ ಮೂಲಕ ಹರಿದು ಅವನ್ನು ಸುಡುತ್ತದೆ. ಒಂದೇ ಕಡೆ ಉದ್ದಕ್ಕೆ ಎಳೆಯದೆ, ಎಡಕ್ಕೊಂದು ಬಲಕ್ಕೊಂದು ಎಂದು ಸಣ್ಣ ಸಣ್ಣದಾಗಿ, ನಡುವೆ ತಣಿಯಲು ಬಿಟ್ಟು ಬೆಸೆದರೆ ಫ್ರೇಮ್ ಸೊಟ್ಟಗಾಗುವುದಿಲ್ಲ. ಬಲವರ್ಧಕ ಪ್ಲೇಟುಗಳ ತುದಿಯನ್ನು ಫ್ರೇಮಿಗೆ ಅಡ್ಡಲಾಗಿ ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ, ಏಕೆಂದರೆ ಫ್ರೇಮನ್ನು ಅಡ್ಡಕ್ಕೆ ದಾಟುವ ನೇರ ಬೆಸುಗೆ ಅಲ್ಲಿಯೇ ಬಿರುಕಿಗೆ ದಾರಿಯಾಗುತ್ತದೆ. ತಣಿದ ಮೇಲೆ ಕರ್ಣಗಳನ್ನು ಮತ್ತೆ ಅಳೆದು ಬಣ್ಣ ಹಚ್ಚಿ.

ಹಂತ 9: ಶಾಫ್ಟ್, ಬ್ರೇಕ್ ಮತ್ತು ಕೊನೆಯ ಜೋಡಣೆ

ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಗಾಡಿ ನಿಂತ ಸ್ಥಿತಿಯೊಂದರಲ್ಲೇ ಅಳೆದು ಕೊಟ್ಟರೆ ಸಾಲದು. ಆಕ್ಸಲ್ ಪೂರ್ತಿ ಇಳಿದಾಗ ಸ್ಲಿಪ್ ಸ್ಪ್ಲೈನ್ ಕಳಚದಷ್ಟು ಒಳಗಿರಬೇಕು, ಪೂರ್ತಿ ಏರಿದಾಗ ತಳ ಮುಟ್ಟದಷ್ಟು ಜಾಗ ಉಳಿದಿರಬೇಕು. ಟ್ರಾನ್ಸ್‌ಫರ್ ಕೇಸಿನ ಕಡೆ ಡಬಲ್ ಕಾರ್ಡನ್ (ಎರಡು ಯೂನಿವರ್ಸಲ್ ಜಾಯಿಂಟ್ ಒಟ್ಟಿಗಿರುವ) ಜಾಯಿಂಟ್ ಇದ್ದರೆ ಪಿನಿಯನ್ ಶಾಫ್ಟಿನ ದಿಕ್ಕಿಗೆ ಮುಖ ಮಾಡಿರುವುದು ಒಳ್ಳೆಯದು. ಎರಡೂ ತುದಿಯಲ್ಲಿ ಒಂಟಿ ಜಾಯಿಂಟ್ ಇದ್ದರೆ ಎರಡು ಫ್ಲ್ಯಾಂಜ್‌ಗಳು ಸಮಾನಾಂತರವಾಗಿರಬೇಕು.

ಬ್ರೇಕ್ ಹೋಸುಗಳು ಆಕ್ಸಲ್ ಪೂರ್ತಿ ಇಳಿದು ಚಕ್ರ ತುದಿಗೆ ತಿರುಗಿದಾಗಲೂ ಬಿಗಿಯಾಗಬಾರದು. ಆಕ್ಸಲಿನ ಉಸಿರು ಕೊಳವೆಯನ್ನು ಎಂಜಿನ್ ಕೋಣೆಯವರೆಗೆ ಎತ್ತರಿಸಿ, ಇಲ್ಲವಾದರೆ ಹೊಳೆ ದಾಟುವಾಗ ಡಿಫರೆನ್ಷಿಯಲ್ ನೀರು ಹೀರಿಕೊಳ್ಳುತ್ತದೆ. ಯು-ಬೋಲ್ಟ್‌ಗಳು ಹೊಸವೇ ಆಗಿರಲಿ, ಒಮ್ಮೆ ಬಿಗಿಸಿ ಹಿಗ್ಗಿದವನ್ನು ಮತ್ತೆ ಬಳಸಬೇಡಿ. ತೆಗೆದಿಟ್ಟ ಪಟ್ಟಿಗಳನ್ನೆಲ್ಲ ಸ್ಪ್ರಿಂಗಿಗೆ ಮರಳಿ ಸೇರಿಸಿ, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿದ ನಂತರವೇ ರಬ್ಬರ್ ಬುಶ್‌ಗಳ ಬೋಲ್ಟ್ ಬಿಗಿಸಿ. ಬ್ರೇಕಿನ ಗಾಳಿ ತೆಗೆಯಿರಿ, ಟೈರುಗಳ ಮುಂದಿನ ಅಂಚು ಹಿಂದಿನ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಹತ್ತಿರವಿರುವಂತೆ ಟೋ ಹೊಂದಿಸಿ.

ಹಂತ 10: ಮೊದಲ ಓಟ ಮತ್ತು ಎಚ್ಚರಿಕೆಯ ಲಕ್ಷಣಗಳು

ಮೊದಲ ಓಟ ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಇರಲಿ. ಮರಳಿ ಬಂದ ಕೂಡಲೇ ಯು-ಬೋಲ್ಟ್, ಸ್ಟಿಯರಿಂಗ್ ಆರ್ಮಿನ ಸ್ಟಡ್ ಮತ್ತು ಸ್ಟಿಯರಿಂಗ್ ಬಾಕ್ಸಿನ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಿ. ಸುಮಾರು 100 ಕಿಲೋಮೀಟರ್ ಆದಮೇಲೆ, ಆಮೇಲೆ 500 ಕಿಲೋಮೀಟರ್ ಆದಮೇಲೆ ಇದೇ ಪರೀಕ್ಷೆ ಮತ್ತೆ ಆಗಬೇಕು. ಎತ್ತರದ ಆರ್ಮಿನ ಸ್ಟಡ್‌ಗಳು ಸಡಿಲವಾಗುವುದು ಈ ಪರಿವರ್ತನೆಯ ಪರಿಚಿತ ದೋಷ. ಅವು ಕಳಚಿದರೆ ಸ್ಟಿಯರಿಂಗ್ ಇಲ್ಲವಾಗುತ್ತದೆ.

ಒಂದು ನಿರ್ದಿಷ್ಟ ವೇಗದಲ್ಲಿ ಮುಂಭಾಗವೆಲ್ಲ ಉಗ್ರವಾಗಿ ನಡುಗತೊಡಗಿದರೆ ನಿಧಾನವಾಗಿ ವೇಗ ಇಳಿಸಿ ನಿಲ್ಲಿಸಿ. ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಡುವ ಬದಲು ಟ್ರನಿಯನ್ ಬಿಗಿ, ಚಕ್ರದ ಬೇರಿಂಗ್, ಟೈ ರಾಡ್ ತುದಿಗಳು, ಟೈರಿನ ಸಮತೋಲ ಮತ್ತು ಕ್ಯಾಸ್ಟರನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸಿ. ನಡುಕವಿಲ್ಲದೆ ಬರಿಯ ಅಲೆದಾಟವಿದ್ದರೆ ಮೊದಲು ಕ್ಯಾಸ್ಟರ್, ಆಮೇಲೆ ಟೋ ನೋಡಿ. ತಿರುವಿನಲ್ಲಿ ಕಟಕಟ ಶಬ್ದ ಬಂದರೆ ಬರ್ಫೀಲ್ಡ್ ಸವೆದಿದೆ. ನಕಲ್‌ನ ಹಿಂಬದಿಯಲ್ಲಿ ಕಪ್ಪು ಎಣ್ಣೆ ಒಸರಿದರೆ ಒಳಗಿನ ಸೀಲ್ ಸರಿಯಾಗಿ ಕೂತಿಲ್ಲ, ಆ ಎಣ್ಣೆ ಬ್ರೇಕ್ ಡಿಸ್ಕಿನವರೆಗೆ ಹರಿಯುವ ಮುನ್ನ ನಕಲ್ ತೆರೆಯಬೇಕು. ಹ್ಯಾಂಗರಿನ ಅಥವಾ ಸ್ಟಿಯರಿಂಗ್ ಬಾಕ್ಸಿನ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಸೀಳು ಅಥವಾ ತುಕ್ಕಿನ ಗೆರೆ ಕಂಡರೆ, ಕೆಳಗಿನ ಲೋಹವೂ ಬಿರಿದಿದೆಯೆಂದು ಭಾವಿಸಿ ಬಣ್ಣ ಕೆರೆದು ನೋಡಿ. ಬಿರುಕು ನಿಜವಾದರೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆದು, ಹಳೆಯ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೆದು, ಹೊಸದಾಗಿ ಬೆಸೆಯುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.